ಕಾಲಿಂಚಿನ ಊರು

ಮಾರ್ಚ್ 3, ಸೋಮವಾರ

ಇವತ್ತಿನಿಂದ ಬರೆದಿಡುತ್ತೇನೆ. ಯಾರಿಗೂ ಓದಿ ತೋರಿಸಲು ಅಲ್ಲ. ನಾಳೆ ಯಾರಾದರೂ "ನೀವೇ ಹಾಗಂದಿದ್ರಿ" ಎಂದು ತಿರುಗಿಬಿದ್ದರೆ ನಿಜ ಏನೆಂದು ನನಗಾದರೂ ಗೊತ್ತಿರಲಿ.

ನಮ್ಮೂರು ಪುರಸಭೆಯಾಗಿ ಮೇ ತಿಂಗಳಿಗೆ ನೂರು ವರ್ಷ ತುಂಬುತ್ತದೆ. ಊರಿನ ಮತ್ತು ಊರಿನ ಜನರ ನೆನಪಿಗೆ ಚೌಕದಲ್ಲಿ ಏನಾದರೂ ನಿಲ್ಲಿಸಬೇಕೆಂದು ಒಂದು ಸಮಿತಿ ಆಗಿದೆ. ಅದರ ಮೊದಲ ಮೂರು ಸಭೆಗಳು ಯಾರ ಪ್ರತಿಮೆ ಎನ್ನುವುದರಲ್ಲೇ ಕಳೆದುಹೋದವು. ಒಬ್ಬೊಬ್ಬರಿಗೂ ಅವರವರ ತಾತನೇ ಊರು ಕಟ್ಟಿದವನು. ಬೇಕರಿಯವನ ತಾತ ಇಡೀ ಊರಿನ ಹೊಟ್ಟೆ ತುಂಬಿಸಿದವನು, ಕ್ಷೌರದಂಗಡಿಯವನ ತಾತ ಇಡೀ ಊರಿನ ತಲೆಗಳನ್ನು ಕೈಯಲ್ಲಿಟ್ಟುಕೊಂಡಿದ್ದವನು. ಕೊನೆಗೆ ಅಧ್ಯಕ್ಷರಾದ ಔಷಧಿ ಅಂಗಡಿಯವರು, ಯಾರ ಮುಖವೂ ಬೇಡ, ಊರನ್ನೇ ಕಲ್ಲಿನಲ್ಲಿ ಹಾಸೋಣ ಎಂದರು. ಹಳೆಯ ಊರಿನ ಮುನ್ನೂರ ನಾಲ್ಕು ಮನೆಗಳಿಗೆ ಮುನ್ನೂರ ನಾಲ್ಕು ಕಲ್ಲುಗಳು. ಪ್ರತಿ ಕಲ್ಲಿನ ಮೇಲೆ ಮನೆಯ ನಂಬರು ಮತ್ತು ಆ ಮನೆಯವರು ಮಾಡುವ ಕೆಲಸದ ಹೆಸರು. ನಡುವೆ ಬೀದಿಗಳು. ಎಲ್ಲ ಸೇರಿ ಇಪ್ಪತ್ತನಾಲ್ಕು ಅಡಿ ಅಗಲದ ಒಂದು ಕಟ್ಟೆ, ನೆಲದ ಮೇಲೆ ಬಿಡಿಸಿದ ನಕ್ಷೆಯ ಹಾಗೆ.

ಇಷ್ಟು ಹೇಳಿ ಎಲ್ಲರೂ ನನ್ನ ಕಡೆ ತಿರುಗಿದರು. ಮೂವತ್ತನಾಲ್ಕು ವರ್ಷ ಸರ್ವೇಯರ್ ಕೆಲಸ ಮಾಡಿ ನಿವೃತ್ತನಾದವನು ಊರಿನಲ್ಲಿ ನಾನೊಬ್ಬನೇ. ಬೆನ್ನ ಹಿಂದೆ ನನ್ನನ್ನು ಇಂಚಪ್ಪ ಎನ್ನುತ್ತಾರೆಂದು ಗೊತ್ತು. ಕೆಲಸ ಬಿದ್ದಾಗ ಮಾತ್ರ 'ಸರ್ವೇಯರ್ ಸಾಹೇಬ್ರು'.

ಒಪ್ಪಿಕೊಂಡೆ, ಒಂದು ಷರತ್ತಿನ ಮೇಲೆ. ನೆಲದ ಒಂದು ಅಡಿಗೆ ಕಲ್ಲಿನಲ್ಲಿ ಕಾಲಿಂಚಿನ ಲೆಕ್ಕ. ಕಾಗದಪತ್ರದಲ್ಲಿ ಏನಿದೆ ಎಂದು ನೋಡುವುದಿಲ್ಲ, ನೆಲದ ಮೇಲೆ ಹೇಗಿದೆಯೋ ಹಾಗೆ ಅಳೆಯುತ್ತೇನೆ, ಹಾಗೆಯೇ ಕಲ್ಲಾಗಬೇಕು. ಯಾರ ಶಿಫಾರಸೂ ನಡೆಯುವುದಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಅರ್ಥವಾಗದೆ ತಟ್ಟಿದರೆಂದು ಈಗ ಅನ್ನಿಸುತ್ತಿದೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಟೇಪಿನ ಇನ್ನೊಂದು ತುದಿ ಹಿಡಿಯಲು ಅವಳೇ ಬರಬೇಕು.

"ಎಲ್ಲಾ ಮನೇನೂ ಅಳೀತೀರಾ?" ಎಂದಳು.

"ಎಲ್ಲಾ ಮನೇನೂ."

"ನೂರ ಹದಿನೇಳೂ?"

ಊಟಕ್ಕೆ ಬಡಿಸು ಎಂದೆ.

ಮಾರ್ಚ್ 7, ಶುಕ್ರವಾರ

ಬೆಳಿಗ್ಗೆಯಿಂದ ಹತ್ತೊಂಬತ್ತು ಮನೆ. ಹೊಸ ಉಕ್ಕಿನ ಟೇಪು, ಅಳತೆ ಬರೆದುಕೊಳ್ಳಲು ಹೊಸ ಫೀಲ್ಡ್ ಬುಕ್ಕು, ಹಳೆಯ ಸೊಂಟ. ಹೆಂಡತಿ ಟೇಪು ಹಿಡಿದ ಕಡೆಯೆಲ್ಲ ಮಾತಿಗೆ ನಿಲ್ಲುತ್ತಾಳೆ. ಒಂದು ಬಾಗಿಲಲ್ಲಿ ಮಗುವಿನ ಹಲ್ಲಿನ ವಿಚಾರ, ಮುಂದಿನ ಬಾಗಿಲಲ್ಲಿ ಮೊಣಕಾಲಿನ ವಿಚಾರ. ಅಷ್ಟರಲ್ಲಿ ಟೇಪು ಸಡಿಲವಾಗಿ ನಾನು ಮತ್ತೆ ಮೊದಲಿನಿಂದ ಹಿಡಿಯಬೇಕು.

"ಮೂವತ್ತನಾಲ್ಕು ವರ್ಷ ಊರೆಲ್ಲ ಅಳೆದ್ರಿ, ಒಬ್ಬರ ಹತ್ರಾನೂ ಎರಡು ಮಾತಾಡ್ಲಿಲ್ಲ. ನಾನಾದ್ರೂ ಆಡ್ತೀನಿ" ಎನ್ನುತ್ತಾಳೆ.

ಮಾರ್ಚ್ 12, ಬುಧವಾರ

ತಲೆ ಚಿಟ್ಟು ಹಿಡಿದಿದೆ.

ಬೇಕರಿಯವನು ಬೆಳಿಗ್ಗೆ ಏಳಕ್ಕೇ ಬಂದು ಕುಳಿತ. ಅಂಗಡಿಯ ಪಕ್ಕಕ್ಕೆ ಮುಂದಿನ ವರ್ಷ ಒಂದು ಕೋಣೆ ಕಟ್ಟುತ್ತಾನಂತೆ, ಅದನ್ನು ಈಗಲೇ ಕಲ್ಲಿಗೆ ಸೇರಿಸಬೇಕಂತೆ. ಹಲ್ಲಿನ ಡಾಕ್ಟರು ತಮ್ಮ ಮನೆಯ ಕಲ್ಲು ಮಿಕ್ಕವುಗಳಿಗಿಂತ ಸ್ವಲ್ಪ ಬೆಳ್ಳಗಿದ್ದರೆ ಚೆನ್ನ ಎಂದರು. ಕ್ಷೌರದಂಗಡಿಯವನದು ಎಲ್ಲಕ್ಕಿಂತ ದೊಡ್ಡ ತಗಾದೆ. ಅವನ ಅಂಗಡಿಯ ಅಗಲ ಹನ್ನೊಂದು ಅಡಿ. ಅವನ ಪತ್ರದಲ್ಲಿ ಹನ್ನೆರಡು.

"ಪತ್ರದಲ್ಲಿ ಇದೆಯಲ್ಲಾ ಸಾರ್. ಬರೀ ಕಾಲಿಂಚು. ಹಾಕ್ಬಿಡಿ."

"ನಿನ್ನ ಪತ್ರ ನನಗೆ ಬೇಡ. ನೆಲ ಏನು ಹೇಳುತ್ತೋ ಅದು."

"ನಾಳೆ ನನ್ನ ಮೊಮ್ಮಕ್ಕಳು ನೋಡಿ, ನಮ್ಮ ತಾತಂದು ಇಷ್ಟೇನಾ ಅಂತಾರೆ ಸಾರ್."

"ಇಷ್ಟೇ ಅಂತ ಹೇಳು."

ಅವನು ಮುಖ ಊದಿಸಿಕೊಂಡು ಹೋದ. ಊರಿಗೆ ಸ್ಮಾರಕ ಮಾಡಲು ಹೊರಟರೆ ಪ್ರತಿಯೊಬ್ಬನೂ ತನ್ನ ಮನೆಗೆ ಹಕ್ಕುಪತ್ರ ಮಾಡಿಸಿಕೊಳ್ಳಲು ಬರುತ್ತಿದ್ದಾನೆ. ನಾನು ಬಗ್ಗುವವನಲ್ಲ. ಇನ್ನು ಮೇಲೆ ಇವನ ಅಂಗಡಿಯಲ್ಲಿ ಕತ್ತು ಕೊಟ್ಟು ಕೂರುವುದು ಹೇಗೆ ಎನ್ನುವುದೊಂದೇ ಯೋಚನೆ.

ಮಾರ್ಚ್ 20, ಗುರುವಾರ

ಕಲ್ಲುಕುಟಿಗನ ಶೆಡ್ಡಿಗೆ ಹೋಗಿ ಮೊದಲ ಎಂಬತ್ತು ಮನೆಗಳ ಪಟ್ಟಿ ಕೊಟ್ಟೆ. ಇಡೀ ಊರಿನಲ್ಲಿ ನನಗೆ ಸರಿಹೋಗುವವನು ಇವನೊಬ್ಬ. ಮಾತಾಡುವುದಿಲ್ಲ. ಐದಿಂಚು ಎಂದರೆ ಐದಿಂಚು ಕೊಡುತ್ತಾನೆ. ಚಹಾ ಕೊಟ್ಟ, ಸಕ್ಕರೆಯ ಜೊತೆ ಒಂದಿಷ್ಟು ಕಲ್ಲಿನ ಪುಡಿಯೂ ಇತ್ತು. 'ಬೇಕರಿ' ಎಂದು ಕೆತ್ತಿದ ಕಲ್ಲನ್ನು ಅಂಗೈಯಲ್ಲಿಟ್ಟು ನೋಡಿದೆ. ಒಂದು ಮನೆ ಕೈಯಲ್ಲಿ ಹಿಡಿಸುತ್ತದೆ. ಚೆನ್ನಾಗಿದೆ.

ಮಾರ್ಚ್ 28, ಶುಕ್ರವಾರ

ಮುನ್ನೂರ ಮೂರು ಮನೆ ಮುಗಿದವು. ನಮ್ಮ ಮನೆ, 118, ನಿನ್ನೆ ಆಯಿತು. ನಮ್ಮದು ಇಪ್ಪತ್ತಡಿ ಎಂದು ಗೊತ್ತೇ ಇದೆ, ಆದ್ದರಿಂದ ಉದ್ದವನ್ನಷ್ಟೇ ಅಳೆದೆ.

ಉಳಿದದ್ದು 117. ಅದನ್ನು ಹಳೆಯ ಪಾಲುಪತ್ರದಿಂದ ತುಂಬಿಸುತ್ತೇನೆ ಎಂದೆ. ಹೆಂಡತಿ ತರಕಾರಿ ಹೆಚ್ಚುವುದನ್ನು ನಿಲ್ಲಿಸಿದಳು.

"ಕ್ಷೌರದವನಿಗೆ ಪತ್ರ ನೋಡಲ್ಲ ಅಂದ್ರಿ. ನಿಮ್ಮ ಅಕ್ಕನ ಮನೆಗೆ ಮಾತ್ರ ಪತ್ರಾನಾ?"

"ಅದು ನಾನೇ ಅಳೆದು ಬರೆದ ಪತ್ರ. ಅದರಲ್ಲಿ ತಪ್ಪಿರಲ್ಲ."

"ಹಾಗಾದ್ರೆ ಅಳೆಯೋಕೇನು ಭಯ?"

ಭಯ ಎನ್ನುವ ಮಾತು ನನಗೆ ಸರಿಬರಲಿಲ್ಲ. ಅವಳಿಗೇನು ಗೊತ್ತು? ಗೊತ್ತಿದೆ, ಎಲ್ಲ ಗೊತ್ತಿದೆ. ಹಿತ್ತಲ ಗೋಡೆಯ ಮೇಲೆ ಇಬ್ಬರೂ ದಿನಾ ಬೆಳಿಗ್ಗೆ ಮಾತಾಡುವುದು ನನಗೆ ಕೇಳಿಸುವುದಿಲ್ಲ ಎಂದುಕೊಂಡಿದ್ದಾಳೆ.

ನಡೆದದ್ದು ಇಷ್ಟು. ಅಪ್ಪ ಬಿಟ್ಟುಹೋದ ನಿವೇಶನ ನಲವತ್ತಡಿ ಅಗಲ. ಅರ್ಧ ನನಗೆ, ಅರ್ಧ 117ರವಳಿಗೆ. ನಾನೇ ಅಳೆದೆ. ಮೊದಲು ಅವಳ ಇಪ್ಪತ್ತಡಿ ಅಳೆದು ಗೂಟ ಹೊಡೆದೆ, ಮಿಕ್ಕದ್ದು ನನ್ನದೆಂದೆ. ಮೊದಲು ಅವಳಿಗೆ ಕೊಟ್ಟವನು ನಾನು. ನಡುಗೋಡೆ ಎದ್ದು, ಎರಡೂ ಮನೆ ಆದ ಮೇಲೆ, ಅವಳು ತನ್ನ ಹೊಲಿಗೆಯ ಟೇಪು ಹಿಡಿದುಕೊಂಡು ಬಂದು, ನನ್ನದು ಹತ್ತೊಂಬತ್ತೇ ಇದೆ, ಬಟ್ಟೆ ಕತ್ತರಿಸುವ ದೊಡ್ಡ ಮೇಜು ಕೋಣೆಯಲ್ಲಿ ಹಿಡಿಸುತ್ತಿಲ್ಲ ಎಂದಳು. ಬೀದಿಯಲ್ಲಿ, ನಾಲ್ಕು ಜನರ ಮುಂದೆ. ನನ್ನ ಕೆಲಸವೇ ಅಳೆಯುವುದು! "ಚಡ್ಡಿ ಅಳೆಯೋ ಟೇಪಲ್ಲಿ ಮನೆ ಅಳೆಯೋಕೆ ಬಂದಿದಾಳೆ" ಎಂದೆ. ಎಲ್ಲರೂ ನಕ್ಕರು. ಊರಿನಲ್ಲಿ ಆ ಮಾತು ಕೆಲವು ದಿನ ಓಡಾಡಿತು. ಅಂದಿನಿಂದ ಅವಳು ಮಾತು ಬಿಟ್ಟಳು. ನಾನಲ್ಲ, ಅವಳು. ಹನ್ನೊಂದು ವರ್ಷದ ಸಿಟ್ಟು ಅದು, ಬಟ್ಟೆಯ ಟೇಪು ಎಳೆದಷ್ಟೂ ಹಿಗ್ಗುತ್ತದೆ ಎನ್ನುವಷ್ಟೂ ತಿಳಿಯದವಳದು.

ಏಪ್ರಿಲ್ 4, ಶುಕ್ರವಾರ

ಹೆಂಡತಿಯ ಬಾಯಿ ಮುಚ್ಚಿಸಲೆಂದೇ ಇವತ್ತು 117 ಅಳೆದೆ. ಬೀದಿಯ ಕಡೆಯಿಂದ, ಹೊರಮೂಲೆಯಿಂದ ನಡುಗೋಡೆಯವರೆಗೆ.

ಹತ್ತೊಂಬತ್ತು.

ಟೇಪು ಸರಿಯಾಗಿ ಹಿಡಿ ಎಂದು ಹೆಂಡತಿಗೆ ಗದರಿದೆ. ಮತ್ತೆ ಹತ್ತೊಂಬತ್ತು. ಜಾಗ ಬದಲಾಯಿಸಿಕೊಂಡೆವು, ಅವಳು ಓದಿದಳು. ಹತ್ತೊಂಬತ್ತು. ಕಿಟಕಿಯ ಹಿಂದೆ ಹೊಲಿಗೆ ಯಂತ್ರ ನಡೆಯುತ್ತಿತ್ತು, ಮೂರನೆಯ ಸಲ ಅಳೆಯುವಾಗ ನಿಂತಿತು. ಯಾರೂ ಹೊರಗೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು.

ನಮ್ಮ ಮನೆಯ ಕಡೆಯಿಂದಲೂ ಅಳೆದೆ. ಇಪ್ಪತ್ತೊಂದು.

ಹೊಸ ಟೇಪು ಸರಿಯಿಲ್ಲ. ಅಂಗಡಿಯವನಿಗೆ ನಾಳೆ ಹೇಳುತ್ತೇನೆ.

ಏಪ್ರಿಲ್ 5, ಶನಿವಾರ

ಅಂಗಡಿಯವನು ಇನ್ನೊಂದು ಟೇಪು ಪಕ್ಕದಲ್ಲಿಟ್ಟು ತೋರಿಸಿದ. ಕೂದಲೆಳೆಯ ವ್ಯತ್ಯಾಸವಿಲ್ಲ. "ಟೇಪ್ ಸರಿ ಇದೆ ಸಾರ್. ಮತ್ತೇನು ತೊಂದರೆ?" ಎಂದ. ಏನೂ ಇಲ್ಲ ಎಂದೆ. ಮನೆಗೆ ಬಂದು ಹೆಂಡತಿಯ ಮೇಲೆ ಕಾರಣವಿಲ್ಲದೆ ಕೂಗಾಡಿದೆ. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದೆ. ಹೆಚ್ಚಾಗಿರಲಿಲ್ಲ.

ಏಪ್ರಿಲ್ 6, ಭಾನುವಾರ

ಅಟ್ಟದ ಮೇಲೆ ಹಳೆಯ ಫೀಲ್ಡ್ ಬುಕ್ಕುಗಳ ಕಟ್ಟು ಸಿಕ್ಕಿತು. ನಿವೇಶನ ಪಾಲಾದ ವರ್ಷದ್ದನ್ನು ತೆಗೆದು ನೋಡಿದೆ.

ಆಗ ನನ್ನ ಹತ್ತಿರ ಇದ್ದದ್ದು ಹಳೆಯ ಟೇಪು. ಅದರ ಮೊದಲ ಅಡಿ ಮುರಿದುಹೋಗಿತ್ತು. ಒಂದರ ಗೆರೆಯಿಂದ ಹಿಡಿದು ಅಳೆಯುತ್ತಿದ್ದೆ, ಓದಿದ ಸಂಖ್ಯೆಯಿಂದ ಒಂದು ಕಳೆಯುತ್ತಿದ್ದೆ. ಕೆಂಪು ಪೆನ್ಸಿಲಿನಲ್ಲಿ ಕಳೆದದ್ದನ್ನು ಪ್ರತಿ ಪುಟದಲ್ಲೂ ಬರೆದಿದ್ದೇನೆ. ಇರುವ ಜಾಗ ಅಳೆಯುವಾಗ ಅದು ಸರಿ. ಹೊಸದಾಗಿ ಗೂಟ ಹೊಡೆಯುವಾಗ ಒಂದು ಕೂಡಿಸಬೇಕು. ಇಪ್ಪತ್ತಡಿ ಬೇಕಿದ್ದರೆ ಇಪ್ಪತ್ತೊಂದರ ಗೆರೆಯ ಬಳಿ ಗೂಟ ಬೀಳಬೇಕು.

ನಮ್ಮ ನಿವೇಶನದ ಪುಟದಲ್ಲಿ ಕೆಂಪು ಗುರುತಿಲ್ಲ. 'ಗೂಟ 20ಕ್ಕೆ' ಎಂದಷ್ಟೇ ಇದೆ. ನನ್ನದೇ ಕೈಬರಹ.

ಅವಳ ಪಾಲು ಅಳೆದೆ. ನನ್ನದನ್ನು ಅಳೆಯಲೇ ಇಲ್ಲ, ಮಿಕ್ಕದ್ದು ನನ್ನದೆಂದು ಬಿಟ್ಟೆ. ಅಳೆದಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

ಏಪ್ರಿಲ್ 9, ಬುಧವಾರ

ಕಲ್ಲುಕುಟಿಗನಿಗೆ ಕೊನೆಯ ಪಟ್ಟಿ ಕೊಟ್ಟೆ. 117: ಐದಿಂಚು, ಹೊಲಿಗೆ. 118: ಐದಿಂಚು, ಸರ್ವೆ.

ಇಬ್ಬರದೂ ಇಪ್ಪತ್ತು ಎಂದು ಪಾಲುಪತ್ರ ಹೇಳುತ್ತದೆ, ಅಪ್ಪನ ಮನಸ್ಸಿನಲ್ಲಿ ಇದ್ದದ್ದೂ ಅದೇ. ಸುಳ್ಳೇನಲ್ಲ.

ಏಪ್ರಿಲ್ 17, ಗುರುವಾರ

ಎಂಟು ದಿನದಿಂದ ಏನೂ ಬರೆದಿಲ್ಲ. ಬರೆಯಲು ಏನೂ ಇರಲಿಲ್ಲ.

ಇವತ್ತು ಕ್ಷೌರದಂಗಡಿಯವನು ಮತ್ತೆ ಹಿಡಿದುಕೊಂಡ, ಈ ಸಲ ತನ್ನ ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದ. ಬರೀ ಕಾಲಿಂಚು, ಕಾಲಿಂಚು ಎನ್ನುತ್ತಲೇ ಇದ್ದ. ನಾನು ರೇಗಿದೆ. ಊರಿನ ನೆನಪಿಗೆ ಇಡುವ ಕಲ್ಲು ಸುಳ್ಳು ಹೇಳಬಾರದು, ಇವತ್ತು ನಿನಗೆ ಕಾಲಿಂಚು ಕೊಟ್ಟರೆ ನಾಳೆ ಆ ಕಟ್ಟೆ ಊರಲ್ಲ, ಬರೀ ಆಸೆಬುರುಕರ ಪಟ್ಟಿ ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದೆ. ಅವನ ಹೆಂಡತಿಯ ಕಣ್ಣಲ್ಲಿ ನೀರು ಬಂತು. ಗಂಡನ ರಟ್ಟೆ ಹಿಡಿದು, "ಬನ್ನಿ, ಅವರು ನಿಜ ಬಿಟ್ಟು ಬೇರೆ ಹೇಳೋರಲ್ಲ" ಎಂದಳು.

ಬೈದಿದ್ದರೆ ವಾಸಿಯಿತ್ತು.

ಏಪ್ರಿಲ್ 22, ಮಂಗಳವಾರ

ಶೆಡ್ಡಿಗೆ ಹೋದೆ. ನಮ್ಮ ಬೀದಿಯ ಕಲ್ಲುಗಳನ್ನು ಮರಳಿನ ಮೇಲೆ ಸಾಲಾಗಿ ಜೋಡಿಸಿದ್ದ. 117, 118. ಅಕ್ಕಪಕ್ಕ, ಸರಿಸಮ, ನೋಡಲು ಎಷ್ಟು ಚಂದ. ಕಲ್ಲುಕುಟಿಗ ಪಕ್ಕಕ್ಕೆ ಬಂದು ನಿಂತ.

"ಈ ಎರಡರಲ್ಲಿ ಏನಾದ್ರೂ ಹೆಚ್ಚುಕಮ್ಮಿ ಇದೆಯಾ ಸಾರ್? ಹತ್ತು ನಿಮಿಷದಿಂದ ಅದನ್ನೇ ನೋಡ್ತಿದ್ದೀರಿ."

"ಇಲ್ಲ. ನಿನ್ನ ಕೆಲಸ ಸರಿಯಾಗಿದೆ" ಎಂದೆ.

ದಾರಿಯಲ್ಲಿ ಒಂದು ಉಪಾಯ ಹೊಳೆಯಿತು. ಇಷ್ಟು ದಿನ ಯಾಕೆ ಹೊಳೆಯಲಿಲ್ಲವೋ. ಕಲ್ಲು ತಪ್ಪಾಗಿದ್ದರೆ ಕಲ್ಲನ್ನೇ ತಿದ್ದಬೇಕೆಂದೇನಿಲ್ಲ, ಗೋಡೆಯನ್ನೂ ತಿದ್ದಬಹುದು. ಗೋಡೆ ಒಡೆದು ಒಂದಡಿ ನಮ್ಮ ಕಡೆಗೆ ಕಟ್ಟಿಸಿದರೆ ಅಕ್ಕನಿಗೆ ಅವಳ ಜಾಗ ಸಿಕ್ಕಿತು, ಕಲ್ಲೂ ನಿಜವಾಯಿತು. ಮೇಸ್ತ್ರಿಗೆ ಆಗಲೇ ಹೇಳಿ ಬಂದೆ. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಏಪ್ರಿಲ್ 24, ಗುರುವಾರ

ಅಕ್ಕನ ಮನೆಗೆ ಹೋದೆ. ಹನ್ನೊಂದು ವರ್ಷದ ಮೇಲೆ ಹತ್ತು ಹೆಜ್ಜೆ.

ಮುಂದಿನ ಕೋಣೆಯೇ ಅವಳ ಹೊಲಿಗೆ ಅಂಗಡಿ. ಒಂದು ಯಂತ್ರ, ಒಂದು ಸಣ್ಣ ಮೇಜು, ಗೋಡೆಗೆ ಒತ್ತಿಕೊಂಡು ಬಟ್ಟೆಯ ಕಪಾಟು. ಅವಳು ಅಡ್ಡ ತಿರುಗಿಯೇ ಕಪಾಟಿನ ಬಾಗಿಲು ತೆಗೆಯಬೇಕು. ಕೂದಲು ಪೂರ್ತಿ ಬೆಳ್ಳಗಾಗಿದೆ. ದಿನಾ ಬೀದಿಯಲ್ಲಿ ನೋಡುತ್ತಿದ್ದೆನಲ್ಲ, ಇದು ಕಂಡಿರಲಿಲ್ಲ.

"ಏನಾಗ್ಬೇಕಿತ್ತು?" ಎಂದಳು, ಗಿರಾಕಿಯನ್ನು ಕೇಳುವ ಹಾಗೆ.

"ಗೋಡೆ ವಿಷಯ. ನಮ್ಮಿಬ್ಬರ ನಡುವಿನದು. ಅದು ಒಂದಡಿ ನಿನ್ನ ಕಡೆ ಬಂದಿದೆ."

"ಬಂದಿದೆ ಅಂದ್ರೆ? ತಾನಾಗೇ ನಡ್ಕೊಂಡು ಬಂತಾ?"

ಹೇಳಿಯೇಬಿಟ್ಟೆ. "ನಾನು ಗೂಟ ತಪ್ಪು ಹೊಡೆದಿದ್ದೆ."

ಅವಳು ಕತ್ತರಿ ಕೆಳಗಿಟ್ಟಳು. ಕುರ್ಚಿ ಎಳೆದುಕೊಂಡು ಕುಳಿತಳು. ಕೂಗಾಡುತ್ತಾಳೆಂದು ಸಿದ್ಧನಾಗಿ ಹೋಗಿದ್ದೆ, ಕೂಗಾಡಲಿಲ್ಲ. ನಾನೇ ಮಾತು ಮುಂದುವರಿಸಿದೆ.

"ಮೇಸ್ತ್ರಿಗೆ ಹೇಳಿದೀನಿ. ಮುಂದಿನ ವಾರವೇ ಗೋಡೆ ಒಡೆದು ನಮ್ಮ ಕಡೆಗೆ ಕಟ್ತಾನೆ. ಇಬ್ಬರದೂ ಇಪ್ಪತ್ತಾಗುತ್ತೆ. ಕಲ್ಲೂ ಸರಿಹೋಗುತ್ತೆ."

"ಯಾವ ಕಲ್ಲು?"

"ಚೌಕದ್ದು. ಇಬ್ಬರದೂ ಐದೈದು ಇಂಚು ಅಂತ ಕೆತ್ತಿಸಿ ಆಗಿದೆ."

ಅವಳು ನನ್ನ ಮುಖ ನೋಡಿದಳು. ಚಿಕ್ಕಂದಿನಲ್ಲಿ ನಾನು ಸ್ಕೂಲಿಗೆ ಚಕ್ಕರ್ ಹೊಡೆದು ಬಂದಾಗ ನೋಡುತ್ತಿದ್ದಳಲ್ಲ, ಅದೇ ನೋಟ.

"ಅಂದ್ರೆ ಯಾರಿಗೂ ಗೊತ್ತಾಗಲ್ಲ."

"ಗೊತ್ತಾಗಿ ಏನಾಗ್ಬೇಕು? ನಿನಗೆ ಜಾಗ ಬರುತ್ತಲ್ಲ."

"ಬೀದೀಲಿ ನಿಂತ್ಕೊಂಡು ನಕ್ಕೆ ಕಣೋ ನೀನು. ಊರನ್ನೂ ನಗಿಸ್ದೆ. ಈಗ ಒಳಗೆ ಬಂದು, ಬಾಗಿಲು ಮುಂದೆ ಮಾಡ್ಕೊಂಡು ಕೊಡ್ತೀಯಾ?"

ನಿಜವಾಗಿಯೂ ಬಾಗಿಲು ಮುಂದೆ ಮಾಡಿದ್ದೆ. ಯಾವಾಗ ಮಾಡಿದೆನೋ ನನಗೇ ಗೊತ್ತಿರಲಿಲ್ಲ.

"ಕಲ್ಲು ಇದ್ದ ಹಾಗೆ ಕೆತ್ತಿಸು. ಹತ್ತೊಂಬತ್ತು, ಇಪ್ಪತ್ತೊಂದು. ಊರು ನೋಡ್ಲಿ. ಆಮೇಲೆ ಗೋಡೆ ಮಾತು" ಎಂದು ಯಂತ್ರ ತುಳಿಯತೊಡಗಿದಳು.

ಸಿಟ್ಟು ನೆತ್ತಿಗೇರಿತು. ಕೊಡಲು ಹೋದವನಿಗೆ ಇದೇ ಮರ್ಯಾದೆಯೇ? ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ನನ್ನ ಪರ ಮಾತಾಡುತ್ತಾಳೆಂದುಕೊಂಡೆ.

"ಕೊಡೋಕೆ ಹೋಗಿದ್ರೋ, ಮುಚ್ಚೋಕೆ ಹೋಗಿದ್ರೋ?" ಎಂದು ಕೇಳಿ ಒಳಗೆ ಹೋದಳು.

ಏಪ್ರಿಲ್ 25, ಶುಕ್ರವಾರ

ಬೆಳಿಗ್ಗೆ ಎದ್ದು ಶೆಡ್ಡಿಗೆ ಹೋಗಿ ಆ ಎರಡು ಮನೆಗಳಿಗೆ ಬೇರೆ ಕಲ್ಲುಗಳನ್ನು ಹೊಸದಾಗಿ ಕೆತ್ತಲು ಹೇಳಿದೆ. 117: ನಾಲ್ಕು ಮುಕ್ಕಾಲು. 118: ಐದೂ ಕಾಲು. ಕಲ್ಲುಕುಟಿಗ ಚೀಟಿ ನೋಡಿದ, ನನ್ನನ್ನು ನೋಡಿದ.

"ನೆಲ ಬದಲಾಯ್ತಾ ಸಾರ್?"

"ನೆಲ ಅಲ್ಲಪ್ಪ. ನಾನು ತಪ್ಪಿದ್ದು" ಎಂದೆ. ಬಾಯಿಂದ ಬಂದೇ ಬಿಟ್ಟಿತು. ಅವನು ಉಳಿ ಎತ್ತಿಕೊಂಡ. ಅಷ್ಟೇ.

ಮೇ 2, ಶುಕ್ರವಾರ

ಔಷಧಿ ಅಂಗಡಿಯವರು ಕರೆಸಿದರು. ಯಾರೋ ಕಿವಿಯೂದಿದ್ದಾರೆ.

"ಯಾರಿಗೂ ಒಂದು ಗೆರೆ ಹೆಚ್ಚು ಕೊಡಲ್ಲ ಅಂದವರು ನೀವು. ಈಗ ನಿಮ್ಮ ಕಲ್ಲೇ ಅಕ್ಕನ ಕಲ್ಲಿಗಿಂತ ಅರ್ಧ ಇಂಚು ದೊಡ್ಡದು. ಜನ ಸುಮ್ನಿರ್ತಾರಾ? ಪಾಲುಪತ್ರದಲ್ಲಿ ಸಮ ಇದೆಯಂತೆ. ಸಮಾನೇ ಹಾಕಿ. ನಿಮ್ಮ ಮರ್ಯಾದೆಗೋಸ್ಕರ ಹೇಳ್ತಿದೀನಿ."

"ಇದ್ದ ಹಾಗೆ ಹಾಕಿದೀನಿ."

"ಸಾಹೇಬ್ರೆ, ಇದು ಊರಿನ ಸಂತೋಷಕ್ಕೆ ಮಾಡ್ತಿರೋ ಸ್ಮಾರಕ. ಇದರಲ್ಲಿ ನಿಮ್ಮ ಮನೆ ಜಗಳ ಯಾಕೆ?"

ಎರಡು ತಿಂಗಳ ಹಿಂದೆಯಾದರೆ ಅವರೊಡನೆ ಗಂಟೆಗಟ್ಟಲೆ ವಾದಿಸುತ್ತಿದ್ದೆ. ಇವತ್ತು ಬರೀ ಸುಸ್ತಾಯಿತು. ಈ ಊರಿನಲ್ಲಿ ಸುಳ್ಳು ಹೇಳುವುದಕ್ಕೆ ಎಷ್ಟು ಜನ ಸಹಾಯಕ್ಕೆ ಬರುತ್ತಾರೆ! ಎದ್ದು ಬಂದೆ. ಬರುವಾಗ ತಲೆನೋವಿನ ಮಾತ್ರೆ ತರುವುದನ್ನೂ ಮರೆತೆ, ಔಷಧಿ ಅಂಗಡಿಯಿಂದಲೇ ಬರಿಗೈಯಲ್ಲಿ.

ಮೇ 10, ಶನಿವಾರ

ಕಲ್ಲುಗಳೆಲ್ಲ ಕೂತವು. ಸಿಮೆಂಟು ಒಣಗಿದೆ. ಇನ್ನು ಯಾವ ಕಲ್ಲೂ ಕದಲುವುದಿಲ್ಲ.

ಮೇ 11, ಭಾನುವಾರ

ಬೆಳಿಗ್ಗೆ ಹತ್ತಕ್ಕೆ ಪರದೆ ಸರಿಸಿದರು. ಆಮೇಲೆ ಒಬ್ಬೊಬ್ಬರೇ ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಹತ್ತಿ, ಬಗ್ಗಿ, ತಮ್ಮ ತಮ್ಮ ಮನೆ ಹುಡುಕತೊಡಗಿದರು. "ಇಲ್ಲಿದೆ, ಇಲ್ಲಿದೆ" ಎಂದು ಕರೆಯುವುದು, ಮಕ್ಕಳನ್ನು ಎತ್ತಿ ತೋರಿಸುವುದು. ಒಂದು ಪಾದದ ಕೆಳಗೆ ಎರಡೆರಡು ಮನೆ. ಹಲ್ಲಿನ ಡಾಕ್ಟರು ಕರವಸ್ತ್ರದಿಂದ ತಮ್ಮ ಕಲ್ಲು ಒರೆಸಿದರು. ಬೇಕರಿಯವನು ತನ್ನ ಬೀದಿಯ ಉದ್ದಕ್ಕೂ ಬೆರಳಾಡಿಸಿಕೊಂಡು ಹೋಗಿ, ಚಿಕ್ಕಂದಿನಲ್ಲಿ ಯಾವ ತಿರುವಿನಲ್ಲಿ ಸೈಕಲ್ಲಿನಿಂದ ಬಿದ್ದೆನೆಂದು ತೋರಿಸುತ್ತಿದ್ದ. ಎರಡು ತಿಂಗಳು ನನ್ನ ಜೀವ ಹಿಂಡಿದ ಜನರೇ. ನೋಡುತ್ತಾ ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ಕ್ಷೌರದಂಗಡಿಯವನು ಜೇಬಿನಿಂದ ಸ್ಕೇಲು ತೆಗೆದು ಕುಕ್ಕರಗಾಲಿನಲ್ಲಿ ಕುಳಿತ. ತನ್ನ ಕಲ್ಲು ಅಳೆದ, ಪಕ್ಕದ್ದನ್ನು ಅಳೆದ, ಹಾಗೆಯೇ ಸರಿಯುತ್ತಾ ನಮ್ಮ ಬೀದಿಗೆ ಬಂದ.

"ಎಲ್ಲರೂ ನೋಡಿ ಇಲ್ಲಿ" ಎಂದು ಎದ್ದು ನಿಂತ. "ನಮಗೆ ಕಾಲಿಂಚು ಕೊಡಲ್ಲ ಅಂದ್ರು. ತಮ್ಮ ಕಲ್ಲು ಮಾತ್ರ ಐದೂ ಕಾಲು, ಸ್ವಂತ ಅಕ್ಕಂದು ನಾಲ್ಕು ಮುಕ್ಕಾಲು. ಇದ್ಯಾವ ನ್ಯಾಯ ಸಾಹೇಬ್ರೆ?"

ಎಲ್ಲರೂ ತಿರುಗಿದರು. ಯಾರೋ ಕಿಸಕ್ಕೆಂದರು. ಔಷಧಿ ಅಂಗಡಿಯವರು ಮೈಕಿನ ಕಡೆ ಓಡಿದರು. ಅಕ್ಕ ಕಟ್ಟೆಯ ಕೆಳಗೆ, ನನ್ನ ಹೆಂಡತಿಯ ಪಕ್ಕದಲ್ಲಿ ನಿಂತಿದ್ದಳು.

"ಕಲ್ಲು ಸರಿಯಾಗಿದೆ" ಎಂದೆ. ಧ್ವನಿ ಏಳಲಿಲ್ಲ. ಮತ್ತೆ ಹೇಳಿದೆ. "ಕಲ್ಲು ಸರಿಯಾಗಿದೆ. ಗೋಡೆ ತಪ್ಪಾಗಿದೆ. ಹನ್ನೊಂದು ವರ್ಷದ ಹಿಂದೆ ನಾನು ತಪ್ಪು ಅಳೆದು ಅಕ್ಕನ ಒಂದಡಿ ನನ್ನ ಕಡೆಗೆ ಹಾಕ್ಕೊಂಡೆ. ಅವಳು ಹತ್ತೊಂಬತ್ತು ಅಂದಾಗ ನಿಮ್ಮೆಲ್ಲರ ಮುಂದೆ ನಕ್ಕೆ. ಅವಳ ಅಳತೆ ಸರಿ ಇತ್ತು. ತಪ್ಪಿದ್ದು ನಂದು."

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಕ್ಷೌರದಂಗಡಿಯವನು ಸ್ಕೇಲನ್ನು ಜೇಬಿಗಿಟ್ಟುಕೊಂಡ. ಮೈಕಿನಲ್ಲಿ, ಈಗ ಹಿರಿಯರಿಗೆ ಸನ್ಮಾನ ಎಂದು ಕೇಳಿಸಿತು. ಜನ ಮೆಲ್ಲನೆ ಅತ್ತ ಸರಿದರು.

ಅಕ್ಕ ಚಪ್ಪಲಿ ಬಿಟ್ಟು ಮೇಲೆ ಬಂದಳು. ತನ್ನ ಕಲ್ಲಿನ ಹತ್ತಿರ ಬಗ್ಗಿ 'ಹೊಲಿಗೆ' ಎಂಬ ಅಕ್ಷರಗಳ ಮೇಲೆ ಕೈಯಾಡಿಸಿದಳು. ಎದ್ದು ನಿಲ್ಲಲು ಕಷ್ಟಪಟ್ಟಳು, ನಾನು ರಟ್ಟೆ ಹಿಡಿದೆ. ಬಿಡಿಸಿಕೊಳ್ಳಲಿಲ್ಲ.

"ಇಷ್ಟು ವರ್ಷ ನನ್ನ ಮೇಲೆ ಸಿಟ್ಟಲ್ಲಿದ್ದೆಯಲ್ಲ" ಎಂದೆ.

"ಸಿಟ್ಟು ಅಂದ್ಕೊಂಡಿದ್ಯಾ? ನಂಗೆ ನಾಚಿಕೆ ಆಗಿತ್ತು ಕಣೋ" ಎಂದಳು. "ಆವತ್ತು ಮನೆಗೆ ಹೋಗಿ, ತಪ್ಪು ನಂದೇ ಇರ್ಬೇಕು ಅಂದ್ಕೊಂಡೆ. ನನ್ನ ತಮ್ಮ, ಅಷ್ಟು ಓದಿದವನು, ದಿನಾ ಅದೇ ಕೆಲಸ ಮಾಡೋನು, ಅವನ್ಯಾಕೆ ತಪ್ಪು ಹೇಳ್ತಾನೆ ಅಂತ. ಅವತ್ತಿಂದ ಯಾರ ಬಟ್ಟೆಗೂ ಒಂದೇ ಸಲ ಅಳೆದು ಕತ್ತರಿ ಹಾಕಿಲ್ಲ ನಾನು. ಎರಡು ಸಲ ಅಳೀತೀನಿ. ಕೆಲವು ದಿನ ಮೂರು ಸಲ. ಆದ್ರೂ ಕತ್ತರಿ ಹಾಕೋವಾಗ ಕೈ ನಡುಗುತ್ತೆ. ಹನ್ನೊಂದು ವರ್ಷದಿಂದ."

ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡು ಕೆಳಗಿಳಿದಳು. ನನ್ನ ಹೆಂಡತಿ ಅವಳಿಗೆ ಕೈ ಕೊಟ್ಟಳು. ನಾನು ನಮ್ಮ ಎರಡು ಕಲ್ಲು ನೋಡುತ್ತಾ ನಿಂತೇ ಇದ್ದೆ. ನನಗೆ ಅಳು ಬಂತು, ಊರಿನವರ ಮುಂದೆಯೇ ಅತ್ತೆ.

ಮೇ 12, ಸೋಮವಾರ

ಔಷಧಿ ಅಂಗಡಿಯವರು ಬೆಳಿಗ್ಗೆಯೇ ಬಂದಿದ್ದರು. ಗೋಡೆ ಸರಿಸಿದರೆ ಚೌಕದ ಕಲ್ಲು ತಪ್ಪಾಗುತ್ತದಲ್ಲ, ಮತ್ತೆ ಕೀಳಿಸಬೇಕೇ ಎಂದು ಕೇಳಿದರು. ಅದು ಹಾಗೇ ಇರಲಿ ಎಂದೆ. ಅವರಿಗೆ ಆಶ್ಚರ್ಯವಾಯಿತು. ಚಹಾ ಕುಡಿದು ಹೋದರು.

ಜಾಗ ಹಿಂದಕ್ಕೆ ಕೊಡುವುದು ಸುಲಭ, ನಾಲ್ಕು ದಿನದ ಕೆಲಸ. ಅಕ್ಕನ ಕೈಯಿಂದ ನಾನು ಕಿತ್ತುಕೊಂಡ ಇನ್ನೊಂದನ್ನು ಹೇಗೆ ಕೊಡುವುದೆಂದು ಬೆಳಿಗ್ಗೆಯಿಂದ ಯೋಚಿಸುತ್ತಿದ್ದೇನೆ.

ಮೇಸ್ತ್ರಿ ನಾಳೆ ಬರುತ್ತಾನೆ. ಹೊಸ ಗೋಡೆ ಎಲ್ಲಿ ಏಳಬೇಕು, ಗೂಟ ಎಲ್ಲಿ ಹೊಡೆಯಲಿ ಎಂದು ಕೇಳಿದ. ಅಕ್ಕ ಅಳೆದು ತೋರಿಸುತ್ತಾಳೆ ಎಂದೆ. ಆಮೇಲೆ ನೀವು ಒಂದ್ಸಲ ನೋಡ್ತೀರಲ್ಲ ಎಂದ.

ಇಲ್ಲ, ನಾನು ನೋಡುವುದಿಲ್ಲ ಎಂದೆ.